ನೊರೆ ಇಳಿದ ಮೇಲೆ ಬರೆದ ನಾಲ್ಕು ಸಾಲು

ಒಂದೇ ಒಂದು ಸಾಲು ಬರೆದು ನಾನು ತೆತ್ತದ್ದು ಹನ್ನೊಂದು ದಿನದ ಸೊಪ್ಪು. ಕೊತ್ತಂಬರಿ, ಮೆಂತ್ಯ, ದಂಟು, ಪಾಲಕ್. ನಮ್ಮೂರಿನ ಇಪ್ಪತ್ತು ಮನೆಯ ಹೆಂಗಸರು ಬೆಳಗ್ಗೆ ಎದ್ದು ಕಿತ್ತು ತಂದದ್ದರಲ್ಲಿ ಮುಕ್ಕಾಲು ಪಾಲು ದನಗಳ ಬಾಯಿಗೆ ಹೋಯಿತು. ಯಾರೋ ಫೋನಿನಲ್ಲಿ ಹಾಕಿದ ವಿಡಿಯೊದ ಕೆಳಗೆ, ನನ್ನಷ್ಟು ಜಾಣೆ ಇಲ್ಲ ಎಂದುಕೊಂಡು ನಾನೇ ಬರೆದ ಸಾಲು ಅದು. ಹೋದದ್ದನ್ನು ತಿರುಗಿ ತಂದುಕೊಟ್ಟದ್ದು ಇನ್ನೊಬ್ಬರು ಹೇಳಿ ಬರೆಸಿದ ನಾಲ್ಕು ಸಾಲು. ಹಾಗೆ ಬರೆಸಿದವರ ಬಲಗೈ ಹೆಬ್ಬೆರಳಿಗೆ ರೇಖೆಗಳೇ ಇರಲಿಲ್ಲ.

ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಇರಲಿಲ್ಲ. ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡಲು ಆಸಿಡ್ ಬಳಸುತ್ತಿದ್ದ ಕಾಲದವರು ಅವರು. ಗಾಜಿನ ಕೊಳವೆಯ ಬಾಯಿಗೆ ರಬ್ಬರ್ ಬಿರಡೆ ಒತ್ತಿ ಹಿಡಿದು ಅಲ್ಲಾಡಿಸುವಾಗ ಒಂದೊಂದೇ ಹನಿ ಸೋರಿ, ವರ್ಷ ಕಳೆದಂತೆ ಆ ಬೆರಳಿನ ತುದಿ ಹುಣಸೆಬೀಜದ ಹಾಗೆ ಕಂದಿ, ನುಣುಪಾಗಿ, ಗಟ್ಟಿಯಾಗಿತ್ತು. ರೇಷನ್ ಅಂಗಡಿಯ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ. ಮೂರು ಸಲ ಒತ್ತಿಸಿಕೊಂಡು ಕೆಂಪು ದೀಪ ತೋರಿಸುತ್ತಿತ್ತು. "ಊರ್ನೋರ ಹಾಲೆಲ್ಲಾ ನಾನು ನೋಡ್ದೆ. ಈಗ ನಾನು ನಾನೇನಾ ಅಂತ ಇದು ನೋಡ್ತೈತೆ," ಎಂದು ಅವರು ನಗುತ್ತಿದ್ದರು.

ಊರಿಗೆಲ್ಲ ಅವರು ಟೆಸ್ಟರಮ್ಮ. ನಾನು ಅಕ್ಕ ಎನ್ನುತ್ತಿದ್ದೆ. ಕ್ಯಾಲನೂರಿನಿಂದ ಸ್ವಲ್ಪ ಒಳಕ್ಕೆ ನಮ್ಮೂರು. ಅವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿದ ಹಳ್ಳಿಯಿಂದ ಸೊಸೆಯಾಗಿ ಬಂದವರು. ಲೆಕ್ಕ ಹೇಳುವಾಗ ಕನ್ನಡ, ಪ್ರೀತಿ ಬಂದಾಗ ತೆಲುಗು. ಹೆಂಗಸರ ಹಾಲಿನ ಸಂಘ ಶುರುವಾದಾಗ ಹತ್ತನೆಯ ತರಗತಿ ಓದಿದ್ದವರು ಅವರೊಬ್ಬರೇ ಆಗಿದ್ದರಿಂದ ಪರೀಕ್ಷೆ ಮಾಡುವ ಕೆಲಸ ಅವರ ಪಾಲಿಗೆ ಬಂತು. ಇಪ್ಪತ್ತಾರು ವರ್ಷ ಮಾಡಿದರು.

ಪರೀಕ್ಷೆ ಮಾಡುವವರ ಮೇಲೆ ಊರಿಗೆ ಅನುಮಾನ ಇದ್ದೇ ಇರುತ್ತದೆ. ಇವರ ಮನೆ ಹಾಲಿಗೆ ಒಂದು ಕಣ್ಣು, ಅವರ ಮನೆ ಹಾಲಿಗೆ ಇನ್ನೊಂದು ಕಣ್ಣು ಎಂಬ ಮಾತು ಎಲ್ಲ ಡೈರಿಯಲ್ಲೂ ಕೇಳುತ್ತೀರಿ. ಟೆಸ್ಟರಮ್ಮ ಅದಕ್ಕೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ಹಾಲು ಹಾಕುವ ಯಾರ ಮನೆಯಲ್ಲೂ ಕಾಫಿ ಕುಡಿಯುತ್ತಿರಲಿಲ್ಲ. ಮದುವೆಗೆ ಹೋದರೂ ಅಕ್ಷತೆ ಹಾಕಿ, ನೀರು ಕುಡಿದು ಬಂದುಬಿಡುವರು. ಜಂಬದ ಹೆಂಗಸು ಎಂದು ಬಯ್ಯುತ್ತಿದ್ದವರಲ್ಲಿ ನಾನೂ ಒಬ್ಬಳು. ಹೊಗಳಿಕೆ ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಬೆಣ್ಣೆಯಂಥ ಹಾಲು ತಂದರೂ "ಸರಿ ಐತೆ" ಅಷ್ಟೇ.

ನಾನು ಮದುವೆಯಾಗಿ ಬಂದ ಹೊಸತು. ಮನೆಗೆ ನೆಂಟರು ಬಂದಿದ್ದರು. ಒಂದು ಚೊಂಬು ಹಾಲು ಒಳಗಿಟ್ಟುಕೊಂಡು, ಅಷ್ಟೇ ನೀರು ಕ್ಯಾನಿಗೆ ಸುರಿದು ಡೈರಿಗೆ ಹೋದೆ. ಟೆಸ್ಟರಮ್ಮ ಉದ್ದನೆಯ ಜಾಡಿಗೆ ಹಾಲು ಸುರಿದು, ಗಾಜಿನ ಲ್ಯಾಕ್ಟೋಮೀಟರನ್ನು ಅದರೊಳಗೆ ಬಿಟ್ಟರು. ನೀರು ಬೆರೆತಷ್ಟೂ ಅದು ಆಳಕ್ಕೆ ಮುಳುಗುತ್ತದೆ, ಡಿಗ್ರಿ ಕಡಿಮೆ ಬರುತ್ತದೆ. ಅವರು ಕೂಡಲೇ ನೋಡಲಿಲ್ಲ. ಕೈ ಕಟ್ಟಿಕೊಂಡು ನಿಂತರು.

"ನೊರೆ ಇಳೀಲಿ," ಎಂದರು. ಇದು ಅವರ ದಿನನಿತ್ಯದ ಮಾತು. ನೊರೆ ಇರುವಾಗ ಓದಿದರೆ ಯಾರ ಹಾಲಿಗೂ ನ್ಯಾಯ ಸಿಗದು.

ಆಮೇಲೆ ಕುಕ್ಕರುಗಾಲಲ್ಲಿ ಕುಳಿತು ಕಣ್ಣನ್ನು ಹಾಲಿನ ಮಟ್ಟಕ್ಕೆ ಇಳಿಸಿದರು. ಅವರು ಬಾಯಿ ಬಿಡುವ ಮೊದಲೇ ನಾನು ಬಿಟ್ಟೆ.

"ಅಕ್ಕಾ, ನಿನ್ನೆ ಹಸು ಬಾಳಾ ನೀರು ಕುಡೀತು."

"ಹಸು ಕುಡಿದ ನೀರು ಗಂಜಲಕ್ಕೆ ಹೋಗ್ತದೆ ಕಣಮ್ಮ. ಕ್ಯಾನು ಕುಡಿದ ನೀರು ಇಲ್ಲಿಗೆ ಬರ್ತದೆ."

ಸಾಲಿನಲ್ಲಿದ್ದವರು ಗೊಳ್ಳೆಂದರು. ಅವರು ನಗಲಿಲ್ಲ. ಕೈ ಎತ್ತಿ ನಗುವನ್ನು ನಿಲ್ಲಿಸಿ, "ಕೂತ್ಕೊ. ನೀನೇ ಓದು," ಎಂದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ನಾನು ಕುಳಿತು ಓದಿದೆ. "ಇಪ್ಪತ್ಮೂರು," ಎಂದೆ, ನನಗೇ ಕೇಳಿಸದ ಹಾಗೆ.

"ಜೋರಾಗಿ."

"ಇಪ್ಪತ್ಮೂರು!"

"ನಾಳೆ ಬೆಳಗ್ಗೆ ತಗೊಂಬಾ." ಅಷ್ಟೇ. ಆ ಹೊತ್ತಿನ ಹಾಲು ವಾಪಸು, ಬೈಗುಳವಿಲ್ಲ, ಬುದ್ಧಿವಾದವಿಲ್ಲ. ಸಪ್ಪೆ ಮುಖ ಮಾಡಿಕೊಂಡು ಕ್ಯಾನು ಎತ್ತಿಕೊಳ್ಳುವಾಗ ತಿರುಗಿ ನೋಡಿದೆ. ನನ್ನ ಹಿಂದೆ ನಿಂತಿದ್ದ ಇಬ್ಬರು ತಮ್ಮ ಕ್ಯಾನುಗಳನ್ನು ಸದ್ದಿಲ್ಲದೆ ಎತ್ತಿಕೊಂಡು ಮನೆಯ ದಾರಿ ಹಿಡಿದಿದ್ದರು! ಆ ಇಬ್ಬರನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಅದರ ಅರ್ಥ ಹೊಳೆಯಲು ಮಾತ್ರ ನನಗೆ ಬಹಳ ವರ್ಷ ಬೇಕಾಯಿತು.

ನನ್ನ ಕತೆಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಕೋಲಾರದ ಬಸ್ ಸ್ಟ್ಯಾಂಡಿನ ಹೊರಗೆ ಗೋಣಿತಾಟು ಹಾಸಿ ಸೊಪ್ಪು ಮಾರಿದೆ. ಆಮೇಲೆ ಒಂದು ಹಳೆಯ ಗೂಡ್ಸ್ ಆಟೋ, ಆಮೇಲೆ ನರಸಾಪುರದ ಕಡೆಯ ಒಂದು ಕಂಪನಿಯ ಕ್ಯಾಂಟೀನು, ಕೋಲಾರದ ಎರಡು ಹೋಟೆಲು. ಯಾರೂ ಕೈ ಹಿಡಿದು ನಡೆಸಲಿಲ್ಲ, ಬಾಯಿ ನಡೆಸಿತು. ಚೌಕಾಸಿ ನನಗೆ ನೀರು ಕುಡಿದ ಹಾಗೆ. ಕೊಳ್ಳುವವರು ಹತ್ತಕ್ಕೆ ಕೇಳಿದರೆ ಇಪ್ಪತ್ತು ಎನ್ನಬೇಕು, ಹದಿನೈದಕ್ಕೆ ಬಂದಾಗ ಇಬ್ಬರೂ ಗೆದ್ದಂತೆ ಮುಖ ಮಾಡಬೇಕು. ಎದುರಿನವರಿಗೆ ಅರ್ಧ ಬಿಟ್ಟುಕೊಡುವವಳೇ ಜಾಣೆ. ನನ್ನ ವ್ಯಾಪಾರದ ವಿದ್ಯೆಯೆಲ್ಲ ಇಷ್ಟೇ. ಇದೇ ನನಗೆ ಮುಳುವಾಯಿತು.

ಒಂದು ದಿನ ಮಧ್ಯಾಹ್ನ, ಕೋಲಾರದ ಸುದ್ದಿ ಹಾಕುವ ಒಂದು ಫೇಸ್‌ಬುಕ್ ಪುಟದಲ್ಲಿ ವಿಡಿಯೊ ಬಂತು. ಯಾರೋ ಒಬ್ಬ ನೀಲಿ ಡ್ರಮ್ಮಿನ ಹಸಿರು ನೀರಿನಲ್ಲಿ ಕೊತ್ತಂಬರಿ ಕಟ್ಟುಗಳನ್ನು ಅದ್ದಿ ಅದ್ದಿ ತೆಗೆಯುತ್ತಿದ್ದಾನೆ. ಬಾಡಿದ ಸೊಪ್ಪು ಗಿಣಿಯ ಹಾಗೆ ಹಸಿರಾಗಿ ಹೊರಬರುತ್ತಿದೆ. ಮೇಲೆ ನಮ್ಮೂರಿನ ಹೆಸರು. "ನರಸಾಪುರದ ಕಾರ್ಮಿಕರಿಗೆ ವಿಷ ತಿನ್ನಿಸುತ್ತಿರುವ ಸೊಪ್ಪಿನ ದಂಧೆ." ಸಂಜೆಯ ಹೊತ್ತಿಗೆ ನಮ್ಮ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಅದೇ.

ನಾನು ಪುಟ ತೆರೆದೆ. ಕಾಮೆಂಟುಗಳಲ್ಲಿ ಸಿಂಹದ ಫೋಟೊ ಹಾಕಿಕೊಂಡಿದ್ದವನೊಬ್ಬ ಎಲ್ಲರಿಗಿಂತ ಮುಂದೆ ನಿಂತು ಕೂಗುತ್ತಿದ್ದ. ನನ್ನ ಕೈ ಸುಮ್ಮನಿರಲಿಲ್ಲ. ವ್ಯಾಪಾರದ ಬುದ್ಧಿ ಓಡಿತು: ಇವನು ಎಲ್ಲರೂ ಕಳ್ಳರು ಎನ್ನುತ್ತಿದ್ದಾನೆ, ಯಾರೂ ಕಳ್ಳರಲ್ಲ ಎಂದು ನಾನಂದರೆ ನಂಬುವುದಿಲ್ಲ, ನಡುವೆ ನಿಲ್ಲೋಣ. ಹೀಗೆ ಬರೆದೆ:

"ಅಣ್ಣಾ, ಎಲ್ಲರೂ ಹಾಗೆ ಮಾಡಲ್ಲ. ಯಾರೋ ಒಬ್ಬಿಬ್ಬರು ಮಾಡಿರಬಹುದು. ನಮ್ಮ ಸೊಪ್ಪು ಮಾತ್ರ ಚೊಕ್ಕ."

ಎಂಥ ಹದವಾದ ಮಾತು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಮರುದಿನ ಬೆಳಗ್ಗೆ ಸಿಂಹದ ಫೋಟೊದವನು ನನ್ನ ಕಾಮೆಂಟಿನ ಚಿತ್ರ ತೆಗೆದು, "ಒಬ್ಬಿಬ್ಬರು ಮಾಡಿರಬಹುದು" ಎಂಬಲ್ಲಿ ಕೆಂಪು ಸುತ್ತು ಎಳೆದು ಹಾಕಿದ್ದ. "ನೋಡಿ, ಆ ಊರಿನ ಸೊಪ್ಪಿನ ವ್ಯಾಪಾರಿಯೇ ಒಪ್ಪಿಕೊಂಡಿದ್ದಾಳೆ." ವಿಡಿಯೊಗಿಂತ ಆ ಚಿತ್ರ ಜೋರಾಗಿ ಓಡಿತು.

ಹತ್ತು ಗಂಟೆಗೆ ಕ್ಯಾಂಟೀನಿನ ಮೇಲ್ವಿಚಾರಕರು ಫೋನ್ ಮಾಡಿದರು. ಒಳ್ಳೆಯ ಮನುಷ್ಯ. "ಅಮ್ಮಾ, ಸದ್ಯಕ್ಕೆ ಕಳಿಸ್ಬೇಡಿ. ನೀವೇ ಬರ್ದಿದೀರಲ್ಲ, ನಾನೇನು ಮಾಡ್ಲಿ?" ಹೋಟೆಲಿನವರು ಫೋನನ್ನೂ ಎತ್ತಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಸಂಜೆ ಬಿತ್ತು. ನನಗೆ ಸೊಪ್ಪು ಕೊಡುವ ಹೆಂಗಸರು ಸೊಪ್ಪು ತೊಳೆಯುವ ನಮ್ಮ ನೀರಿನ ತೊಟ್ಟಿಯ ಹತ್ತಿರ ಸೇರಿದ್ದರು. ಪಕ್ಕದ ಮನೆಯವಳು, ನನ್ನ ಜೊತೆ ಮೊದಲ ದಿನದಿಂದ ಇದ್ದವಳು, ಸೊಂಟಕ್ಕೆ ಕೈ ಕೊಟ್ಟು ಕೇಳಿದಳು:

"ಯಾರೇ ಆ ಒಬ್ಬಿಬ್ಬರು? ನಾನಾ? ನಮ್ಮತ್ತೇನಾ? ಹೆಸ್ರು ಹೇಳು."

"ಅಯ್ಯೋ, ಮಾತಿಗೆ ಅಂದೆ ಕಣೇ."

"ಮಾತಿಗೆ ಅನ್ನೋಕೆ ನಮ್ಮ ಹೆಸ್ರೇ ಸಿಕ್ತಾ ನಿಂಗೆ? ನಿನ್ನ ಸೊಪ್ಪು ಚೊಕ್ಕ, ನಮ್ದು ಹೇಸಿಗೆ. ಅಲ್ವಾ?"

ಮುಂದಿನ ಮೂರು ದಿನ ಫೋನಿನಲ್ಲಿ ಆ ಸಿಂಹದವನ ಜೊತೆ ಜಗಳವಾಡಿದೆ. ಅವನು ಒಂದು ಅಂದರೆ ನಾನು ನಾಲ್ಕು. ಅವನ ಅಪ್ಪ, ಅಮ್ಮ, ಅವನು ಹುಟ್ಟಿದ ಗಳಿಗೆ ಯಾವುದನ್ನೂ ಬಿಡಲಿಲ್ಲ. ಪ್ರತಿ ಬೈಗುಳಕ್ಕೂ ಜನ ನಗುವ ಮುಖದ ಗುರುತು ಒತ್ತುತ್ತಿದ್ದರು. ನಾನು ಗೆಲ್ಲುತ್ತಿದ್ದೇನೆ ಎಂದುಕೊಂಡೆ. ಅಷ್ಟರಲ್ಲಿ ಆ ವಿಡಿಯೊ ಮಾಲೂರು, ಶ್ರೀನಿವಾಸಪುರದ ಗುಂಪುಗಳಿಗೂ ಹೋಗಿತ್ತು.

ಐದನೆಯ ದಿನ ಬೆಳಗ್ಗೆ ಟೆಸ್ಟರಮ್ಮ ತಾವಾಗಿಯೇ ಬಂದರು. ಡೈರಿಗೆ ವಿದ್ಯುತ್ ಯಂತ್ರ ಬಂದು, ವಯಸ್ಸೂ ಆಗಿ, ಅವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಜಗಲಿಯ ಮೇಲೆ ಕುಳಿತು, ಸೀರೆಯ ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ಏನೇ ಸೊಪ್ಪಿನವಳೇ, ಫೋನ್ ಕೊಡು," ಎಂದರು. ನನ್ನ ಬೈಗುಳಗಳನ್ನು ಮೊದಲಿಂದ ಕೊನೆಯವರೆಗೆ ಓದಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಬೈಗುಳ ಚೆನ್ನಾಗೈತೆ. ಯಾರಿಗೆ ಬರ್ದೆ?"

"ಆ ಸಿಂಹಕ್ಕೆ."

"ಅವ್ನು ನಿನ್ನ ಸೊಪ್ಪು ಕೊಂಡ್ಕೊಳ್ತಾನಾ?"

"ಅವನ್ಯಾಕೆ ಕೊಂಡ್ಕೊಳ್ತಾನಕ್ಕಾ!"

"ಮತ್ತೆ? ನಾನು ಡೈರೀಲಿ ಯಾರ್ಗೆ ಹೇಳ್ತಿದ್ದೆ ಅಂದ್ಕೊಂಡಿದೀಯ? ನೀರು ಹಾಕಿದೋಳಿಗೆ ಗೊತ್ತಿರ್ತದೆ, ಅವಳಿಗೆ ಹೇಳೋದೇನು? ಮುಂದಿರೋಳಿಗಲ್ಲಮ್ಮ, ಹಿಂದೆ ಸಾಲಲ್ಲಿ ನಿಂತಿರೋರಿಗೆ ಹೇಳೋದು. ಬಾಯಿ ಬಿಡದೆ ನೋಡ್ತಾ ನಿಂತಿರ್ತಾರಲ್ಲ, ಅವ್ರಿಗೆ."

ಆಗ ಹೊಳೆಯಿತು ನನಗೆ, ಕ್ಯಾನು ಎತ್ತಿಕೊಂಡು ಹೋದ ಆ ಇಬ್ಬರು!

ನನ್ನ ಮೊದಲ ಕಾಮೆಂಟನ್ನು ತೋರಿಸಿದೆ. ಆ ಗಟ್ಟಿ ಹೆಬ್ಬೆರಳಿನಿಂದ "ಒಬ್ಬಿಬ್ಬರು" ಎಂಬ ಮಾತನ್ನು ಕುಟ್ಟಿದರು. "ಇವ್ರನ್ನ ನೋಡಿದೀಯಾ ನೀನು?"

"ಇಲ್ಲ. ಅರ್ಧ ಒಪ್ಕೊಂಡ್ರೆ ಅವ್ನೂ ಅರ್ಧ ಬಿಡ್ತಾನೆ ಅಂತ..."

"ಡಿಗ್ರಿ ಇಪ್ಪತ್ತೆಂಟು ಬಂತು ಅನ್ನು. ಒಬ್ಬ ಇಪ್ಪತ್ತು ಅಂತ ಕೂಗ್ತಾನೆ. ನಾನು ಇಪ್ಪತ್ನಾಲ್ಕು ಅಂತ ಬರ್ಕೊಳ್ಳಾ? ಸೊಪ್ಪಲ್ಲಿ ಚೌಕಾಸಿ ಮಾಡು. ಕಂಡಿದ್ರಲ್ಲಿ ಚೌಕಾಸಿ ಮಾಡ್ಬೇಡ. ಸುಳ್ಳಿಗೆ ಅರ್ಧ ಕೊಟ್ರೆ ಅದು ಅರ್ಧಕ್ಕೆ ನಿಲ್ಲಲ್ಲ ಕಣೇ, ಪೂರ್ತಿ ತಗೊಂಡು ರಸೀತಿನೂ ಕೇಳ್ತದೆ."

ಅದನ್ನು ಅಳಿಸಿಬಿಡುತ್ತೇನೆ ಎಂದು ಬೆರಳು ಒತ್ತಲು ಹೋದೆ. ಕೈ ಹಿಡಿದರು. ಡೈರಿಯ ಪುಸ್ತಕದಲ್ಲಿ ತಪ್ಪಾದರೆ ಕೆರೆದು ಅಳಿಸುವಂತಿಲ್ಲವಂತೆ. ಒಂದು ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕಂತೆ. "ಅದ್ರ ಫೋಟೊ ಊರೆಲ್ಲಾ ಓಡಾಡ್ತೈತೆ. ಈಗ ಅಳಿಸಿದ್ರೆ ಕಳ್ಳಿ ಆಗ್ತೀಯ. ತಪ್ಪು ಬರ್ದಿದ್ದೆ ಅಂತ ಅದ್ರ ಕೆಳಗೇ ಬರಿ."

ಆಮೇಲೆ ವಿಡಿಯೊ ಹಾಕಿಸಿ, ಫೋನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಲ್ಯಾಕ್ಟೋಮೀಟರ್ ಓದುವ ಹಾಗೆ ನೋಡಿದರು. ಎರಡು ಸಲ. ಮೂರನೆಯ ಸಲ ನಡುವೆ ನಿಲ್ಲಿಸಿದರು. "ಇದ್ರ ಬೇರು ಎಲ್ಲಿ?"

ಐದು ದಿನದಿಂದ ಇಪ್ಪತ್ತು ಸಲ ನೋಡಿದ್ದೆ. ಕೋಪದಲ್ಲಿ ಹಸಿರು ನೀರು ಕಂಡಿತ್ತೇ ಹೊರತು ಸೊಪ್ಪು ಕಂಡಿರಲಿಲ್ಲ. ನಾವು ಕೊತ್ತಂಬರಿಯನ್ನು ಬೇರು ಸಮೇತ ಕೀಳುತ್ತೇವೆ, ಬಾಳೆನಾರಿನಲ್ಲಿ ಕಟ್ಟುತ್ತೇವೆ. ವಿಡಿಯೊದ ಕಟ್ಟುಗಳಿಗೆ ಬೇರು ಕತ್ತರಿಸಿತ್ತು, ರಬ್ಬರ್ ಬ್ಯಾಂಡ್ ಹಾಕಿತ್ತು. ಹುಟ್ಟಿದಾಗಿನಿಂದ ಸೊಪ್ಪು ಮುಟ್ಟಿದವಳು ನಾನು. ಹಾಲು ನೋಡಿ ಬದುಕಿದವರು ಅದನ್ನು ನನಗೆ ತೋರಿಸಬೇಕಾಯಿತು.

"ಇದನ್ನ ಈಗ್ಲೇ ಹಾಕ್ತೀನಿ!" ಎಂದೆ.

"ತೊಂದರ ಪಡೊದ್ದಮ್ಮಾ," ಎಂದರು. ಅವಸರ ಬೇಡ ಎಂದು. ತೆಲುಗು ಬಂದಿತ್ತು, ಅಂದರೆ ಕೋಪ ಇಳಿದಿತ್ತು. "ನೊರೆ ಇಳೀಲಿ. ಇನ್ನೊಂದು ಕೆಲ್ಸ ಐತೆ."

ತೊಟ್ಟಿಯ ಹತ್ತಿರ ಹೋದೆವು. ಸೊಪ್ಪು ಕಿತ್ತ ಮೇಲೆ ನಾವು ತೊಟ್ಟಿಯ ನೀರಿನಲ್ಲಿ ಅದ್ದುವುದು ನಿಜ. ಬೇರಿನ ಮಣ್ಣು ಹೋಗಬೇಕು, ಸೊಪ್ಪು ಬಾಡಬಾರದು. ಟೆಸ್ಟರಮ್ಮ ನಮ್ಮ ಮನೆಯವರ ಹೊಸ ಬಿಳಿ ಟವೆಲ್ ತರಿಸಿ, ಆವತ್ತು ಸೊಪ್ಪು ಅದ್ದಿದ ನೀರನ್ನು ಚೊಂಬಿನಲ್ಲಿ ಎತ್ತಿ ಅದರ ಮೇಲೆ ಸುರಿಸಿದರು. ಟವೆಲಿನ ಮೇಲೆ ಕೆಂಪುಮಣ್ಣು ನಿಂತಿತು. ನನಗೆ ನಾಚಿಕೆಯಾಗಿ, ಇನ್ನೊಂದು ಸಲ ತಿಳಿ ನೀರು ಸುರಿದು ಫೋಟೊ ತೆಗೆಯೋಣ ಎಂದೆ.

"ಮಣ್ಣಿರೋದನ್ನ ತೋರ್ಸು. ಮಣ್ಣು ತೋರಿಸಿದ್ರೇನೇ ಬಣ್ಣ ಇಲ್ಲ ಅಂದದ್ದನ್ನ ನಂಬ್ತಾರೆ."

ಬರೆಯಲು ಕುಳಿತೆವು. ನಾನು ಮೊದಲು "ನಾವು ಸೊಪ್ಪಿಗೆ ಬಣ್ಣ ಹಾಕುತ್ತೇವೆ ಎನ್ನುವುದು ಶುದ್ಧ ಸುಳ್ಳು" ಎಂದು ಟೈಪು ಮಾಡಿದೆ. ತೆಗೆಸಿದರು. ಜನ ಅರ್ಧ ಸಾಲು ಓದಿ ಮುಂದಕ್ಕೆ ಹೋಗುತ್ತಾರೆ, ಅವರ ತಲೆಯಲ್ಲಿ ಉಳಿಯುವುದು ಬಣ್ಣವೇ, ಆದ್ದರಿಂದ ನಿಜದಿಂದ ಶುರುಮಾಡು ಎಂದರು. ಸಿಂಹದವನ ಹೆಸರು ಹಾಕಿದ್ದೆ, ಅದನ್ನೂ ತೆಗೆಸಿದರು. "ಹೆಸ್ರು ಹಿಡಿದ್ರೆ ಜಗಳ ನೋಡೋಕೆ ಜನ ಸೇರ್ತಾರೆ, ಡಿಗ್ರಿ ನೋಡೋಕಲ್ಲ." ಕೊನೆಗೆ ಉಳಿದದ್ದು ಇಷ್ಟು:

"ನಮ್ಮೂರಿನಲ್ಲಿ ಕೊತ್ತಂಬರಿಯನ್ನು ಬೇರು ಸಮೇತ ಕಿತ್ತು ಬಾಳೆನಾರಿನಲ್ಲಿ ಕಟ್ಟುತ್ತೇವೆ, ವಿಡಿಯೊದಲ್ಲಿ ಬೇರಿಲ್ಲ, ರಬ್ಬರ್ ಬ್ಯಾಂಡ್ ಇದೆ, ನಿಲ್ಲಿಸಿ ನೋಡಿ.
ನಾವು ಸೊಪ್ಪನ್ನು ನೀರಿನಲ್ಲಿ ಅದ್ದುವುದು ನಿಜ. ಇವತ್ತು ಅದ್ದಿದ ನೀರನ್ನು ಬಿಳಿ ಬಟ್ಟೆಗೆ ಸುರಿದ ಫೋಟೊ ಇಲ್ಲಿದೆ, ಮಣ್ಣು ಇದೆ, ಬಣ್ಣ ಇಲ್ಲ.
'ಒಬ್ಬಿಬ್ಬರು ಮಾಡಿರಬಹುದು' ಎಂದು ನಾನು ಮೊದಲು ಬರೆದದ್ದು ತಪ್ಪು. ಅಂಥವರನ್ನು ನಾನು ನೋಡಿಲ್ಲ, ನಮ್ಮೂರಿನ ಹೆಂಗಸರ ಕ್ಷಮೆ ಕೇಳುತ್ತೇನೆ.
ದಿನಾ ಬೆಳಗ್ಗೆ ಆರಕ್ಕೆ ತೊಟ್ಟಿಯ ಹತ್ತಿರ ಇರುತ್ತೇವೆ, ಯಾರು ಬೇಕಾದರೂ ಬಂದು ಕೈ ಅದ್ದಿ ನೋಡಿ."

ಕಳುಹಿಸುವ ಗುಂಡಿಯನ್ನು ಅವರೇ ಒತ್ತಿದರು. ರೇಷನ್ ಯಂತ್ರ ಒಪ್ಪದ ಬೆರಳನ್ನು ಫೋನು ಒಪ್ಪಿತು.

ಹತ್ತು ನಿಮಿಷದಲ್ಲಿ ಸಿಂಹದ ಉತ್ತರ ಬಂತು: "ಟವೆಲ್ ಎಷ್ಟಕ್ಕೆ ಕೊಂಡೆ?" ನನ್ನ ಬೆರಳು ತುರಿಸಿತು. "ಒಂದು ಜಾಡಿ ಒಂದ್ಸಲ ಓದ್ತೀವಿ. ಫೋನ್ ಒಳಗಿಡು," ಎಂದರು. ಪ್ರಶ್ನೆ ಕೇಳಿದವರಿಗೆ ಮಾತ್ರ ಉತ್ತರ ಕೊಡಬೇಕು, ಕೆಣಕಿದವರಿಗಲ್ಲ ಎಂಬ ಅಪ್ಪಣೆಯಾಯಿತು. ಯಾರೋ ಹುಡುಗಿ "ನೀರಿಗೆ ಉಪ್ಪು ಏನಾದರೂ ಹಾಕುತ್ತೀರಾ?" ಎಂದು ಕೇಳಿದಳು. ಇಲ್ಲ, ಬೋರ್‌ವೆಲ್ ನೀರು ಅಷ್ಟೇ ಎಂದು ಬರೆದೆವು.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸೊಪ್ಪನ್ನು ಹಸುಗಳು ತಿಂದವು. "ನಿಮ್ಮ ನಾಲ್ಕು ಸಾಲಿಗಿಂತ ನನ್ನ ಬೈಗುಳಾನೇ ಮೇಲಿತ್ತು, ನಾಲ್ಕು ಜನ ನಗ್ತಾನಾದ್ರೂ ಇದ್ರು," ಎಂದು ಹಂಗಿಸಿದೆ. ಅವರು ಬೆಳಗ್ಗೆ ಆರಕ್ಕೆ ತಪ್ಪದೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಕ್ಷಮೆ ಕೇಳಿದ್ದನ್ನು ಪಕ್ಕದ ಮನೆಯವಳು ಓದಿದ್ದಳು. ಅವಳೂ ಬಂದು ಕುಳಿತಳು.

ಮೂರನೆಯ ಬೆಳಗ್ಗೆ ರಾತ್ರಿ ಪಾಳಿ ಮುಗಿಸಿದ ಇಬ್ಬರು ಹೆಣ್ಣುಮಕ್ಕಳು, ಆ ಕಂಪನಿಯ ಗುರುತಿನ ಚೀಟಿ ಕೊರಳಲ್ಲೇ ಇತ್ತು, ಕ್ಯಾಲನೂರಿನಲ್ಲಿ ಇಳಿದು ಆಟೋ ಹಿಡಿದು ಬಂದರು. ಉಪ್ಪಿನ ಪ್ರಶ್ನೆ ಕೇಳಿದ್ದವಳು ಅವರಲ್ಲೊಬ್ಬಳು. ತೊಟ್ಟಿಗೆ ಕೈ ಹಾಕಿದಳು, ತನ್ನ ಕರ್ಚೀಫನ್ನೇ ಅದ್ದಿದಳು, ಹಿಂಡಿದಳು. ಟೆಸ್ಟರಮ್ಮ ಅವಳಿಗೆ ಒಂದು ಮಾತೂ ಹೇಳಿಕೊಡಲಿಲ್ಲ. ಅವಳ ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕುಳಿತು, "ನೀನೇ ನೋಡು. ಏನು ಕಾಣ್ತದೋ ಅದನ್ನ ಬರಿ," ಎಂದರು. ಆ ಹುಡುಗಿ ಕರ್ಚೀಫಿನ ಫೋಟೊ ಹಾಕಿ ಬರೆದಳು: "ಹೋಗಿ ನೋಡಿದೆ. ಮಣ್ಣು ಇದೆ, ಬಣ್ಣ ಇಲ್ಲ."

ನಮ್ಮ ನಾಲ್ಕು ಸಾಲಿಗಿಂತ ಆ ಒಂದು ಸಾಲು ದೂರ ಹೋಯಿತು. ಹನ್ನೆರಡನೆಯ ದಿನ ಬೆಳಗ್ಗೆ ಕ್ಯಾಂಟೀನಿನ ಫೋನ್ ಬಂತು. "ಅಮ್ಮಾ, ಕಳ್ಸಿ. ಅವತ್ತಿಂದ ಓದ್ತಾನೇ ಇದ್ದೆ, ಏನೂ ಬರೀಲಿಲ್ಲ ಅಷ್ಟೆ." ಸಾಲಿನಲ್ಲಿ ಹಿಂದೆ ನಿಂತಿದ್ದವರು! ಹೋಟೆಲುಗಳಲ್ಲಿ ಒಂದು ತಿರುಗಿ ಬಂತು, ಇನ್ನೊಂದು ಇವತ್ತಿಗೂ ಬಂದಿಲ್ಲ. ಸಿಂಹದವನು ಬೇರೆ ಊರಿನ ಬೇರೆ ಜಗಳಕ್ಕೆ ಹೋದ. ಸೋತೆ ಎಂದು ಅವನೇನೂ ಹೇಳಲಿಲ್ಲ. ಹೇಳಿಸಿಕೊಳ್ಳುವ ಆಸೆ ನನಗೂ ಉಳಿದಿರಲಿಲ್ಲ.

ಆವತ್ತು ಆಟೋ ತುಂಬಿಸಿ ಕಳಿಸಿದ ಮೇಲೆ ಕಾಫಿ ಮಾಡಿ ತಂದೆ. ಅವರು ಕುಡಿಯುವುದಿಲ್ಲ ಎಂದು ಗೊತ್ತಿದ್ದೂ ತಂದೆ. ಲೋಟವನ್ನು ಸ್ವಲ್ಪ ಹೊತ್ತು ನೋಡಿದರು. ತೆಗೆದುಕೊಂಡರು. ನೊರೆ ಇಳಿಯುವವರೆಗೆ ಕಾದು, ಒಂದು ಗುಟುಕು ಕುಡಿದು, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ಹಾಲಿಗೆ ನೀರು ಹಾಕಿದೀಯ."

"ಕಾಫಿಗೆ ಹಾಕ್ದೆ ಇರ್ತಾರಾ ಅಕ್ಕಾ!"

"ಸರಿ ಐತೆ," ಎಂದರು.

ಅಲ್ಲಿಂದ ಮೂರು ವರ್ಷ, ಬೆಳಗಿನ ಕೆಲಸ ಮುಗಿದ ಮೇಲೆ ನಮ್ಮ ಜಗಲಿಯೇ ಅವರ ಡೈರಿಯಾಯಿತು. ಯಾವ ಲಸಿಕೆಯ ಸುದ್ದಿ, ಯಾವ ಮಾತ್ರೆಯ ಸುದ್ದಿ, ಯಾವ ಊರಿನಲ್ಲಿ ಮಕ್ಕಳನ್ನು ಎತ್ತಿಕೊಂಡು ಹೋದರಂತೆ ಎಂಬ ಸುದ್ದಿ, ಎಲ್ಲವನ್ನೂ ಹೆಂಗಸರು ಫೋನಿನಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಟೆಸ್ಟರಮ್ಮನದು ಒಂದೇ ಪ್ರಶ್ನೆ: "ಯಾವ ಹೊತ್ತಿನ ಹಾಲು ಇದು?" ಎಲ್ಲಿ, ಯಾವಾಗ, ಕಣ್ಣಾರೆ ಕಂಡವರು ಯಾರು ಎಂದು ಅರ್ಥ. ಗೊತ್ತಾಗದಿದ್ದರೆ "ಗೊತ್ತಿಲ್ಲ ಅಂತ ಬರಿ" ಎನ್ನುತ್ತಿದ್ದರು. ಗೊತ್ತಿಲ್ಲ ಎಂಬ ಮಾತನ್ನು ಕಾಮೆಂಟಿನಲ್ಲಿ ಬರೆದವರನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಎಲ್ಲವನ್ನೂ ಗೆದ್ದರು ಎಂದುಕೊಳ್ಳಬೇಡಿ. ಅವರ ಸ್ವಂತ ತಮ್ಮನೇ ಒಂದು ಸುಳ್ಳು ಸುದ್ದಿ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದ. ಅವನಿಗೆ ಮಾತ್ರ ಕಾಮೆಂಟು ಬರೆಯಲಿಲ್ಲ. ಬಸ್ಸು ಹತ್ತಿ ಹೋಗಿ ಎದುರಿಗೆ ಕುಳಿತು ನುಂಗಿಸಿ ಬಂದರು.

ಹೋದ ಸಲ ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಅವರಿಗೆ ಎದೆನೋವು ಬಂತು. ನನ್ನ ಸೊಪ್ಪಿನ ಆಟೋದಲ್ಲೇ ಕೋಲಾರಕ್ಕೆ ಕರೆದುಕೊಂಡು ಹೋದೆವು. ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದರು. ಆ ಹೆಬ್ಬೆರಳು ನನ್ನ ಅಂಗೈಗೆ ಒಣಗಿದ ಬೀಜದ ಹಾಗೆ ಒತ್ತುತ್ತಿತ್ತು. ಎರಡನೆಯ ದಿನ ಹೋದರು.

ಮಣ್ಣು ಮಾಡಿ ಬಂದ ಸಂಜೆ ಫೋನು ಟಣ್ ಎಂದಿತು. ಒಂದು ಗುಂಪಿನಲ್ಲಿ ಯಾರೋ ಹಾಕಿದ್ದರು: "ಡೈರಿ ಹಾಲಿಗೆ ಆಸಿಡ್ ಬೆರೆಸುತ್ತಾರೆ. ಅದನ್ನೇ ದಿನಾ ಮುಟ್ಟಿ ಟೆಸ್ಟ್ ಮಾಡುತ್ತಿದ್ದ ಹೆಂಗಸು ಸತ್ತಿದ್ದಾಳೆ. ಹಾಲು ಕುಡಿಯಬೇಡಿ, ಎಲ್ಲರಿಗೂ ಕಳಿಸಿ." ಜೊತೆಗೆ ಅವರ ಫೋಟೊ. ಇಪ್ಪತ್ತಾರು ವರ್ಷ ಹಾಲನ್ನು ಕಾಪಾಡಿದವರ ಮುಖವನ್ನು ಹಾಲಿನ ಮೇಲಿನ ಸುಳ್ಳಿಗೆ ಅಂಟಿಸಿದ್ದರು.

ನನಗೆ ಗೊತ್ತಿದ್ದ ಬೈಗುಳಗಳೆಲ್ಲ, ಕನ್ನಡದ್ದು, ತೆಲುಗಿನದ್ದು, ಬೆರಳ ತುದಿಗೆ ಬಂದವು. ಅರ್ಧ ಬರೆದೂ ಬಿಟ್ಟಿದ್ದೆ. ಆಮೇಲೆ ಫೋನನ್ನು ಜಗಲಿಯ ಮೇಲೆ ಬೋರಲು ಹಾಕಿ, ತೊಟ್ಟಿಗೆ ಹೋಗಿ ಮುಖ ತೊಳೆದೆ. ಮರುದಿನದ ದಂಟಿನ ಕಟ್ಟುಗಳನ್ನು ಒಂದೊಂದಾಗಿ ಅದ್ದಿಟ್ಟೆ. ಕೊನೆಯ ಕಟ್ಟು ಅದ್ದಿಟ್ಟ ಮೇಲೆ ಬಂದು ಬರೆದೆ:

"ನಮ್ಮ ಡೈರಿಯಲ್ಲಿ ಆಸಿಡ್ ಹಾಕುತ್ತಿದ್ದುದು ಪರೀಕ್ಷೆಗೆಂದು ಬೇರೆ ತೆಗೆದ ಎರಡು ಚಮಚದಷ್ಟು ಹಾಲಿಗೆ, ಅದನ್ನು ಆಮೇಲೆ ಚೆಲ್ಲುತ್ತಿದ್ದರು, ಕ್ಯಾನಿಗೆ ಸೇರುತ್ತಿರಲಿಲ್ಲ.
ಈಗ ಯಂತ್ರ ಬಂದಿದೆ, ಆ ಆಸಿಡ್ಡೂ ಇಲ್ಲ.
ಅವರು ತೀರಿಕೊಂಡದ್ದು ಎದೆನೋವಿನಿಂದ. ಆಸ್ಪತ್ರೆಗೆ ಹೋದ ಆಟೋದಲ್ಲಿ ನಾನಿದ್ದೆ.
ಅವರ ಕೈಯಲ್ಲಿ ಹಾಲು ಓದಿಸಿಕೊಂಡವಳು ನಾನು, ಒಂದು ಸಲ ನೀರು ಹಾಕಿ ಸಿಕ್ಕಿಬಿದ್ದವಳೂ ಹೌದು. ಅನುಮಾನವಿದ್ದವರು ಬೆಳಗ್ಗೆ ಡೈರಿಗೆ ಬನ್ನಿ, ನಾನೇ 'ನೀವೇ ಓದಿ' ಎಂದು ಪಕ್ಕಕ್ಕೆ ಕೂರಿಸಿಕೊಳ್ಳುತ್ತೇನೆ."

ನೀರು ಹಾಕಿದ್ದನ್ನು ಬರೆಯಬೇಕಿರಲಿಲ್ಲ. ಆದರೆ ಮಣ್ಣು ತೋರಿಸದೆ ಬಣ್ಣ ಇಲ್ಲ ಎನ್ನುವುದು ಹೇಗೆ? ಮರುದಿನ ಬೆಳಗ್ಗೆ ಡೈರಿಯಲ್ಲಿ ಸಾಲು ಯಾವತ್ತಿನಷ್ಟೇ ಉದ್ದವಿತ್ತು. ಆ ಸುದ್ದಿ ಹಾಕಿದವರು ಅದನ್ನು ತೆಗೆದುಬಿಟ್ಟರು. ಅವರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಜಗಳ ನೋಡಲು ಸೇರುತ್ತೀರಿ.

ಇನ್ನು ನಿಮಗೊಂದು ಮಾತು. ನನಗೆ ಹನ್ನೊಂದು ದಿನದ ಸೊಪ್ಪು ಖರ್ಚಾಗಿ ಬಂದ ಬುದ್ಧಿ ಇದು, ನಿಮಗೆ ಪುಕ್ಕಟೆ ಕೊಡುತ್ತಿದ್ದೇನೆ. ನಾಳೆಯೋ ನಾಡಿದ್ದೋ ನಿಮ್ಮ ಊರಿನ ಮೇಲೆ, ನಿಮ್ಮ ಕಸುಬಿನ ಮೇಲೆ ಒಂದು ಸುಳ್ಳು ಬಂದೇ ಬರುತ್ತದೆ. ಕಂಡದ್ದನ್ನು ಬರೆಯಿರಿ, ಕಂಡಷ್ಟನ್ನೇ ಬರೆಯಿರಿ. ನಿಜವನ್ನು ಮೊದಲ ಸಾಲಿನಲ್ಲಿಡಿ. ನಿಮ್ಮ ಕಡೆಯ ಮಣ್ಣನ್ನು ನೀವೇ ತೋರಿಸಿ. ಇಲ್ಲದ ಬಣ್ಣಕ್ಕೆ ಮಾತ್ರ ಒಂದು ಕಾಸಿನ ರಿಯಾಯಿತಿಯನ್ನೂ ಕೊಡಬೇಡಿ. ತಪ್ಪಾಗಿದ್ದರೆ ಅಳಿಸಬೇಡಿ, ಗೀಟೆಳೆದು ಸಹಿ ಹಾಕಿ. ಬಂದು ನೋಡಿ ಎಂದು ಕರೆಯಿರಿ, ಕರೆದ ಮೇಲೆ ಹೇಳಿದ ಹೊತ್ತಿಗೆ ಅಲ್ಲಿ ಇರಿ. ಎದುರಿಗೆ ಕೂಗುವವನನ್ನು ಮರೆತುಬಿಡಿ. ಅವನ ಹಿಂದಿನ ಸಾಲಿನಲ್ಲಿ ಕ್ಯಾನು ಹಿಡಿದು ಬಾಯಿ ಬಿಡದೆ ನಿಂತವರು ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ.

ಅದಕ್ಕೆ ಮೊದಲು ಫೋನನ್ನು ಬೋರಲು ಹಾಕಿ. ನೊರೆ ಇಳಿಯಲಿ. ಆದರೆ ತೀರಾ ತಡಮಾಡಬೇಡಿ. ಹಾಲು ಒಡೆಯುವ ಮೊದಲು ಓದಿಬಿಡಬೇಕು.